ಕೊಪ್ಪದಲ್ಲಿ ಮೆಡಿಕಲ್ ಶಾಪ್ ಹಾಕಲಾ, ತುಮಕೂರಿನಲ್ಲಾ? ಜಿಲ್ಲೆಗಳ ಜನಸಂಖ್ಯೆ ಲೆಕ್ಕ ಗೊತ್ತಿರುವವರು ಹೇಳಿ

ಕೊಪ್ಪದವ
ಎಲ್ಲರಿಗೂ ನಮಸ್ಕಾರ. ಡಿ.ಫಾರ್ಮಾ ಮುಗಿಸಿ ಬೆಂಗಳೂರಿನಲ್ಲಿ ಬೇರೆಯವರ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಸ್ವಂತ ಅಂಗಡಿ ಹಾಕುವ ಯೋಚನೆ. ಊರು ಕೊಪ್ಪ, ಚಿಕ್ಕಮಗಳೂರು ಜಿಲ್ಲೆ. ಅಪ್ಪ ಊರಿಗೇ ಬಾ ಅನ್ನುತ್ತಾರೆ. ಭಾವ ತುಮಕೂರಿನಲ್ಲಿದ್ದಾರೆ. ಅವರದು ಒಂದೇ ಮಾತು: "ನಿಮ್ಮ ಜಿಲ್ಲೆಯಲ್ಲಿ ಜನವೇ ಕಮ್ಮಿ ಆಗ್ತಿದ್ದಾರೆ, ಯಾರಿಗೆ ಮಾತ್ರೆ ಮಾರ್ತೀಯ?"

ಹುಡುಕಿ ನೋಡಿದೆ. ಭಾವ ಸುಳ್ಳು ಹೇಳಿಲ್ಲ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ. 2011ರಲ್ಲಿ 11,37,961. ಇಡೀ ರಾಜ್ಯ ಶೇ. 15.6ರಷ್ಟು ಬೆಳೆದ ಹೊತ್ತಿನಲ್ಲಿ ಇಳಿದ ಜಿಲ್ಲೆ ನಮ್ಮದೊಂದೇ. ಆದರೆ ತುಮಕೂರು ಜಿಲ್ಲೆಯೇನು ಕಡಿದು ಹಾಕಿಲ್ಲ, ಅಲ್ಲಿ ಏರಿದ್ದು ಶೇ. 3.65 ಅಷ್ಟೇ. ಆ ಕಡೆ ಯಾದಗಿರಿ ಶೇ. 22 ದಾಟಿದೆ. ಹಾಗಾದರೆ ಯಾದಗಿರಿಗೆ ಹೋಗಿ ಅಂಗಡಿ ಹಾಕಬೇಕಾ? ಈ ಅಂಕಿಗಳನ್ನು ಹೇಗೆ ಓದಬೇಕು ಅಂತ ಯಾರಾದರೂ ಹೇಳಿ.

ಪೇಟೆಬೀದಿ
ಬೆಂಗಳೂರು ಬಿಟ್ಟು ಎಲ್ಲೂ ಹಾಕಬೇಡ ಗುರು. 2001ರಲ್ಲಿ 43 ಲಕ್ಷ ಇತ್ತು, 2011ಕ್ಕೆ 84 ಲಕ್ಷ. ಹತ್ತೇ ವರ್ಷದಲ್ಲಿ ಡಬಲ್.

ಲೆಕ್ಕದ ಪುಸ್ತಕ
ಡಬಲ್ ಆಗಿಲ್ಲ ಸಾರ್. 43 ಲಕ್ಷ ಅನ್ನುವುದು ಹಳೆಯ ಮಹಾನಗರ ಪಾಲಿಕೆಯ ಲೆಕ್ಕ, ಅದರ ವಿಸ್ತೀರ್ಣ 226 ಚದರ ಕಿ.ಮೀ. 2007ರಲ್ಲಿ ಬೊಮ್ಮನಹಳ್ಳಿ, ಮಹದೇವಪುರ, ಯಲಹಂಕ, ದಾಸರಹಳ್ಳಿ, ಕೆ.ಆರ್. ಪುರ ಹೀಗೆ ಏಳು ನಗರಸಭೆ, ಕೆಂಗೇರಿ ಪುರಸಭೆ, ಮೇಲೆ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ವಿಸ್ತೀರ್ಣ 700 ಚದರ ಕಿ.ಮೀ. ದಾಟಿತು. ಆ ಜನ ಮೊದಲೇ ಅಲ್ಲಿದ್ದರು, ಗೆರೆ ಮಾತ್ರ ಅವರ ಮನೆ ದಾಟಿ ಮುಂದೆ ಹೋಯಿತು.

ಹೋಲಿಸುವುದಾದರೆ ಸುತ್ತಲಿನ ಊರುಗಳೂ ಸೇರಿದ ನಗರ ಸಮೂಹದ ಲೆಕ್ಕ ತೆಗೆದುಕೊಳ್ಳಿ. ಅದು 57 ಲಕ್ಷದಿಂದ 85 ಲಕ್ಷಕ್ಕೆ ಬಂತು. ಜಿಲ್ಲೆಯ ಲೆಕ್ಕದಲ್ಲಿ ಶೇ. 47. ಅದೂ ಕಡಿಮೆಯೇನಲ್ಲ.

ಪೇಟೆಬೀದಿ
ಸರಿ, ಡಬಲ್ ಅಲ್ಲ, ಒಂದೂವರೆ. ನನ್ನ ಮಾತು ಬದಲಾಗಲ್ಲ.

ಲೆಕ್ಕದ ಪುಸ್ತಕ
ಬದಲಾಗಬೇಕಿಲ್ಲ. ನಿಮ್ಮ ಪರವಾಗಿಯೇ ಇನ್ನೊಂದು ಅಂಕಿ ಕೊಡುತ್ತೇನೆ. 2001ರಿಂದ 2011ರ ನಡುವೆ ರಾಜ್ಯದಲ್ಲಿ ಹೆಚ್ಚಾದವರು ಸುಮಾರು 82 ಲಕ್ಷ. ಅದರಲ್ಲಿ ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ ಸುಮಾರು 31 ಲಕ್ಷ. ಉಳಿದ 29 ಜಿಲ್ಲೆ ಸೇರಿ 51 ಲಕ್ಷ. ಆಗ 30 ಜಿಲ್ಲೆ, ವಿಜಯನಗರ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ.

ಮಂಡ್ಯದ ಗಂಡು
ನಮ್ಮ ಜಿಲ್ಲೆ ಶೇ. 2.4. ಕಾವೇರಿ ನೀರಿದೆ, ನಾಲೆ ಇದೆ, ಸಕ್ಕರೆ ಕಾರ್ಖಾನೆ ಇದೆ, ಆದರೂ ಜನ ಏರಲಿಲ್ಲ. ಮಕ್ಕಳೆಲ್ಲ ಬೆಂಗಳೂರಿನ ಕೆಂಗೇರಿ, ನಾಯಂಡಹಳ್ಳಿ, ಪೀಣ್ಯದ ಕಡೆ. ಹಬ್ಬಕ್ಕೆ ಬಂದರೆ ಊರು ತುಂಬುತ್ತದೆ, ಮಾರನೇ ದಿನ ಖಾಲಿ.

ಅಡಿಕೆಚೀಲ
ಹಾಸನ ಶೇ. 3, ಕೊಡಗು ಶೇ. 1, ಉಡುಪಿ ಶೇ. 6ರ ಒಳಗೆ, ಶಿವಮೊಗ್ಗ ಶೇ. 7ರ ಒಳಗೆ, ಉತ್ತರ ಕನ್ನಡ ಶೇ. 6ರ ಆಸುಪಾಸು. ಮಲೆನಾಡು, ಕರಾವಳಿ ಪೂರ್ತಿ ಇದೇ ಕಥೆ. ದಕ್ಷಿಣ ಕನ್ನಡ ಮಾತ್ರ ಶೇ. 10, ಅದಕ್ಕೆ ಮಂಗಳೂರು ಕಾರಣ.

ರಾಯಚೂರು ಮೇಷ್ಟ್ರು
ಯಾದಗಿರಿ ಬಗ್ಗೆ ಕೇಳಿದರಲ್ಲ, ಹೇಳುತ್ತೇನೆ. ನಾನು 2011ರ ಗಣತಿ ಡ್ಯೂಟಿ ಮಾಡಿದವನು. ನಮ್ಮ ಭಾಗದಲ್ಲಿ ಸುಗ್ಗಿ ಮುಗಿದರೆ ಸಾಕು, ಮಳೆ ನೆಚ್ಚಿದ ಊರುಗಳಿಂದ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬೈ. ಕಟ್ಟಡ ಕೆಲಸ, ರಸ್ತೆ ಕೆಲಸ, ಇಟ್ಟಿಗೆ ಭಟ್ಟಿ. ಗಣತಿ ನಡೆದದ್ದು ಫೆಬ್ರವರಿ 9ರಿಂದ 28. ಸರಿಯಾಗಿ ಗುಳೆಯ ಕಾಲ. ಓಣಿಯಲ್ಲಿ ಸಾಲಾಗಿ ಬೀಗ. ಕೆಲವು ಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳು ಮಾತ್ರ.

ನಿಯಮ ಏನೆಂದರೆ, ಆ ಇಪ್ಪತ್ತು ದಿನವೂ ಊರಲ್ಲಿ ಇಲ್ಲದವರನ್ನು ಅವರು ಇದ್ದಲ್ಲಿ ಬರೆದುಕೊಳ್ಳಬೇಕು, ನಾವು ಬರೆಯುವ ಹಾಗಿಲ್ಲ. ಬೆಂಗಳೂರಿನ ಶೆಡ್ಡಿನಲ್ಲಿದ್ದವರನ್ನು ಅಲ್ಲಿಯ ಗಣತಿದಾರ ಬರೆದನೋ ಬಿಟ್ಟನೋ ದೇವರೇ ಬಲ್ಲ. ಹಾಗಿದ್ದೂ ಯಾದಗಿರಿ ಶೇ. 22 ದಾಟಿತು ಅಂದರೆ, ನಿಜವಾದ ಏರಿಕೆ ಇನ್ನೂ ಜಾಸ್ತಿ ಇರಬೇಕು.

ಉಡುಪಿ ಮಾಣಿ
ಮೇಷ್ಟ್ರೇ, ಅದು ಜನ ಬಂದು ನೆಲೆಸಿದ್ದಲ್ಲ ಅಲ್ವಾ? ಮಕ್ಕಳು ಹುಟ್ಟಿದ್ದು.

ರಾಯಚೂರು ಮೇಷ್ಟ್ರು
ಹೌದು ಸರ್. ಬೆಂಗಳೂರಿಗೆ ಜನ ಬಂದು ಬೆಳೆಯಿತು, ಯಾದಗಿರಿಯಲ್ಲಿ ಹುಟ್ಟಿ ಬೆಳೆಯಿತು. ಆ ಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 52ರ ಒಳಗೆ, ರಾಜ್ಯಕ್ಕೇ ಕಡೆ. ಹೆಣ್ಣುಮಕ್ಕಳಿಗೆ ಬೇಗ ಮದುವೆ, ಬೇಗ ಮಕ್ಕಳು. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕು ಅಂತ ಪಟ್ಟಿ ಮಾಡಿತಲ್ಲ, ಅದರಲ್ಲಿ ಹೆಚ್ಚಿನವು ನಮ್ಮ ಕಡೆಯವೇ. ಜನ ಹೆಚ್ಚಾದರು ಅಂದರೆ ಊರು ಉದ್ಧಾರ ಆಯಿತು ಅಂತಲ್ಲ, ಅದನ್ನು ಬೆಂಗಳೂರಿನವರು ತಿಳಿದುಕೊಳ್ಳಬೇಕು.

ಗಣಿಧೂಳು
ಬಳ್ಳಾರಿಯೂ ಶೇ. 21. ನಮ್ಮದು ಎರಡೂ ಬೆರೆತದ್ದು. ಆ ಹತ್ತು ವರ್ಷ ಅದಿರಿನ ಕಾಲ. ಸಂಡೂರು, ಹೊಸಪೇಟೆ, ತೋರಣಗಲ್ಲು ಕಡೆ ಲಾರಿ ಡ್ರೈವರ್‌ಗಳು, ಬಿಹಾರದವರು, ಆಂಧ್ರದವರು, ಎಲ್ಲರೂ ಬಂದು ತುಂಬಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಗಣತಿ ಮುಗಿದದ್ದು ಅದಕ್ಕೆ ಕೆಲವೇ ತಿಂಗಳ ಮುಂಚೆ. ಒಂದು ವರ್ಷ ತಡವಾಗಿ ಎಣಿಸಿದ್ದರೆ ಅಂಕಿ ಬೇರೆಯೇ ಇರುತ್ತಿತ್ತು.

ಕೊಪ್ಪದವ
ಹಾಗಾದರೆ ಚಿಕ್ಕಮಗಳೂರು ಇಳಿದದ್ದು ಹುಟ್ಟಿದ್ದು ಕಡಿಮೆಯಾಗಿಯಾ, ಜನ ಬಿಟ್ಟು ಹೋಗಿಯಾ?

ಕಾಫಿ ರೈಟರ್
ಎರಡೂ. ಆದರೆ ಬಿಟ್ಟು ಹೋದದ್ದೇ ಹೆಚ್ಚು. 2000ದಿಂದ ನಾಲ್ಕೈದು ವರ್ಷ ಕಾಫಿ ಬೆಲೆ ಎಷ್ಟು ಬಿದ್ದಿತ್ತು ನೆನಪಿದೆಯಾ? ಹಣ್ಣು ಕೊಯ್ಯುವ ಕೂಲಿಯೂ ಗಿಟ್ಟುತ್ತಿರಲಿಲ್ಲ. ಆಗ ತೋಟದವರೆಲ್ಲ ಮಕ್ಕಳನ್ನು ಇಂಜಿನಿಯರಿಂಗಿಗೆ ಕಳಿಸಿದರು. ಹೋದವರು ವಾಪಸ್ ಬರಲಿಲ್ಲ. ಆಮೇಲೆ ಬೆಲೆ ಏರಿದರೂ ಬರಲಿಲ್ಲ. ಈಗ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುವವರು ಅಸ್ಸಾಂ, ಬಂಗಾಳದವರು. ಜನವರಿಯಲ್ಲಿ ಎಣಿಸಿದರೆ ಒಂದು ಲೆಕ್ಕ, ಜೂನ್‌ನಲ್ಲಿ ಎಣಿಸಿದರೆ ಇನ್ನೊಂದು.

ಅಡಿಕೆಚೀಲ
ಮಲೆನಾಡಿನಲ್ಲಿ ಜನ ಇಳಿದದ್ದು ಇದೇ ಮೊದಲಲ್ಲ. ಹಿಂದೆ ಮಲೇರಿಯಾದಿಂದ ಊರಿಗೆ ಊರೇ ಖಾಲಿಯಾಗುತ್ತಿತ್ತು. ಮೈಸೂರು ಸರ್ಕಾರ ಮಲೆನಾಡು ಸುಧಾರಣೆ ಅಂತಲೇ ಬೇರೆ ಯೋಜನೆ ಮಾಡಬೇಕಾಗಿ ಬಂದಿತ್ತು. ಡಿಡಿಟಿ ಬಂದ ಮೇಲೆ ಜನ ನಿಂತರು. ಆಗ ಸೊಳ್ಳೆ ಓಡಿಸಿತು, ಈಗ ಕೆಲಸ ಓಡಿಸುತ್ತಿದೆ.

ಪೇಟೆಬೀದಿ
ಕೆಲಸ ಅಲ್ಲ, ನೆಟ್‌ವರ್ಕ್ ಇಲ್ಲದಿರುವುದು. ಕೊಪ್ಪದಿಂದ ಆಚೆ ಹೋದರೆ ಫೋನೇ ಸತ್ತುಹೋಗುತ್ತದೆ.

ಕಾಫಿ ರೈಟರ್
ಟೂರಿಸ್ಟ್ ಆಗಿ ಬಂದು ಎರಡು ದಿನ ಇದ್ದು ಹೋದವರ ಮಾತು ಇದು.

ಲೆಕ್ಕದ ಪುಸ್ತಕ
ಕೊಪ್ಪದವರೇ, ಇಲ್ಲೊಂದು ಸೂಕ್ಷ್ಮ ಇದೆ. ಜಿಲ್ಲೆ ಇಳಿದ ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ನಗರ ಒಂದು ಲಕ್ಷದ ಆಸುಪಾಸಿನಿಂದ 1.18 ಲಕ್ಷಕ್ಕೆ ಬೆಳೆಯಿತು. ತುಮಕೂರು ನಗರ ಎರಡೂವರೆ ಲಕ್ಷದಿಂದ ಮೂರು ಲಕ್ಷ ದಾಟಿತು. ಅಂದರೆ ತುಮಕೂರು ಜಿಲ್ಲೆಯಲ್ಲಿ ಹೆಚ್ಚಾದ ತೊಂಬತ್ತು ಚಿಲ್ಲರೆ ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಜಿಲ್ಲಾ ಕೇಂದ್ರ ಒಂದರಲ್ಲೇ. ಪಾವಗಡ, ಮಧುಗಿರಿ, ಶಿರಾ ಎಲ್ಲ ಸೇರಿ ಉಳಿದದ್ದು. ಜಿಲ್ಲೆಯ ಅಂಕಿ ನೋಡಿ ಅಂಗಡಿ ಹಾಕುವುದು ಸರಿಯಲ್ಲ. ತುಮಕೂರೇ ವಾಸಿ ಅನ್ನುವ ಭಾವನ ಲೆಕ್ಕ ತುಮಕೂರು ನಗರಕ್ಕೆ ಸರಿ, ಇಡೀ ತುಮಕೂರು ಜಿಲ್ಲೆಗೆ ಅಲ್ಲ.

ಹುಬ್ಬಳ್ಳಿಯಾಂವ
ನಗರ ಅಂದಮೇಲೆ ಒಂದು ಮಾತು. ರಾಜ್ಯದ ಎರಡನೇ ದೊಡ್ಡ ನಗರ ಹುಬ್ಬಳ್ಳಿ-ಧಾರವಾಡ. 9,43,788. ಬರೆದಿಟ್ಟುಕೊಳ್ಳಿ.

ಚಾಮುಂಡಿಪುರಂ
ಪಾಲಿಕೆ ಲೆಕ್ಕದಲ್ಲಿ ಮಾತ್ರ. ನಗರ ಸಮೂಹ ತೆಗೆದುಕೊಂಡರೆ ಮೈಸೂರು 9.9 ಲಕ್ಷ. ನಿಮ್ಮದು ಎರಡು ಊರು ಸೇರಿಸಿ ಒಂದು ಮಾಡಿದ್ದು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು ಸಚಿವ ಸಂಪುಟ ಒಪ್ಪಿಯೂ ಆಗಿದೆ. ಇನ್ನು ಯಾವ ಎರಡನೇ ಸ್ಥಾನ?

ಹುಬ್ಬಳ್ಳಿಯಾಂವ
1962ರಿಂದ ಒಂದೇ ಪಾಲಿಕೆ ರೀ ಅದು. ನೀವು ಮೈಸೂರಿನವರು ಸುತ್ತಲಿನ ಹಳ್ಳಿ ಎಳೆದು ಲೆಕ್ಕ ತೋರಿಸುತ್ತೀರಿ.

ಉಡುಪಿ ಮಾಣಿ
ಇಬ್ಬರೂ ಸೇರಿದರೂ ಬೆಂಗಳೂರಿನ ನಾಲ್ಕರಲ್ಲಿ ಒಂದು ಭಾಗ ಆಗಲ್ಲ ಮಾರಾಯ್ರೆ. ಜಗಳ ಯಾಕೆ?

ಶಾಂತಕ್ಕ
ನಾನು ಉಡುಪಿ ಜಿಲ್ಲೆಯವಳು. ನಮ್ಮಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಬೆಂಗಳೂರು ನಗರದಲ್ಲಿ 916. ಯಾಕೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಗಂಡಸರೆಲ್ಲ ಮುಂಬೈ ಹೋಟೆಲುಗಳಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ. ನಮ್ಮ ಬೀದಿಯಲ್ಲಿ ಐದಾರು ದೊಡ್ಡ ಮನೆಗಳಿವೆ, ಒಳಗೆ ಒಬ್ಬೊಬ್ಬರೇ ಅಮ್ಮಂದಿರು.

ಈ ಹುಡುಗ ಮೆಡಿಕಲ್ ಶಾಪ್ ಅಂದನಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಜನ ಎಷ್ಟು ಅನ್ನುವುದಕ್ಕಿಂತ ಯಾರು ಉಳಿದಿದ್ದಾರೆ ನೋಡಪ್ಪ. ನನ್ನ ಅತ್ತೆಗೆ ಬಿಪಿ, ಶುಗರ್, ಥೈರಾಯ್ಡ್, ಮಂಡಿ ನೋವು. ತಿಂಗಳಿಗೆ ಮಾತ್ರೆಗೇ ಸಾವಿರಾರು ರೂಪಾಯಿ. ಪಕ್ಕದ ಮನೆಯ ನಾಲ್ಕು ಹುಡುಗರು ವರ್ಷಕ್ಕೆ ಒಂದು ಸಲ ಜ್ವರದ ಮಾತ್ರೆ ತಗೊಳ್ಳುತ್ತಾರೆ. ನಿನಗೆ ಯಾರು ಗಿರಾಕಿ?

ಲೆಕ್ಕದ ಪುಸ್ತಕ
ಶಾಂತಕ್ಕ ಹೇಳಿದ್ದು ಈ ಥ್ರೆಡ್‌ನಲ್ಲಿ ಬಂದ ಅತ್ಯಂತ ಉಪಯೋಗದ ಮಾತು. 2011ರಲ್ಲೇ ರಾಜ್ಯದಲ್ಲಿ 60 ದಾಟಿದವರು ಶೇ. 9.5. ಕರಾವಳಿ, ಮಲೆನಾಡಿನಲ್ಲಿ ಅದಕ್ಕಿಂತ ಹೆಚ್ಚು. ಇನ್ನೊಂದು ಕಡೆ, ರಾಜ್ಯದಲ್ಲಿ 82 ಲಕ್ಷ ಜನ ಹೆಚ್ಚಾದ ಆ ದಶಕದಲ್ಲಿ 6 ವರ್ಷದೊಳಗಿನ ಮಕ್ಕಳು ಹೆಚ್ಚಾಗಲೇ ಇಲ್ಲ. ಸುಮಾರು 72 ಲಕ್ಷದಲ್ಲೇ ನಿಂತರು. ಆಮೇಲಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ 2019-21ರದು, ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಅನ್ನುತ್ತದೆ. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು.

ಪೇಟೆಬೀದಿ
1.7 ಆದರೆ ಜನ ಕಡಿಮೆಯಾಗಬೇಕಿತ್ತಲ್ಲ? ಬೆಂಗಳೂರಿನ ಟ್ರಾಫಿಕ್ ನೋಡಿದರೆ ಹಾಗೆ ಅನಿಸಲ್ಲ.

ಲೆಕ್ಕದ ಪುಸ್ತಕ
ಹೆರುವ ವಯಸ್ಸಿನವರೇ ಜಾಸ್ತಿ ಇರುವಾಗ, ಒಬ್ಬೊಬ್ಬರು ಕಡಿಮೆ ಹೆತ್ತರೂ ಒಟ್ಟು ಏರುತ್ತಲೇ ಇರುತ್ತದೆ. ಜೊತೆಗೆ ಹಿರಿಯರು ಹೆಚ್ಚು ಕಾಲ ಬದುಕುತ್ತಿದ್ದಾರೆ. ವಿಚಿತ್ರ ಏನೂ ಇಲ್ಲ ಇದರಲ್ಲಿ. ಬೆಂಗಳೂರಿನ ಟ್ರಾಫಿಕ್‌ಗೆ ಹೊರಗಿನಿಂದ ಬಂದವರು ಕಾರಣ, ಹುಟ್ಟಿದವರಲ್ಲ.

ಕನ್ನಡಿಗ_ಕೆಂಗೇರಿ
ಹೊರಗಿನಿಂದ ಬಂದವರು ಅನ್ನಿ, ಗಟ್ಟಿಯಾಗಿ ಅನ್ನಿ.

ರಾಯಚೂರು ಮೇಷ್ಟ್ರು
ಹೊರಗಿನವರು ಅಂದರೆ ನಮ್ಮ ಸಿಂಧನೂರು, ಸುರಪುರದವರೂ ಬಂದರು ಸರ್. ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರನ್ನು ಕೇಳಿ ನೋಡಿ.

ಮಂಡ್ಯದ ಗಂಡು
ನಾವೂ.

ಪೇಟೆಬೀದಿ
2011, 2011 ಅಂತ ಎಷ್ಟು ದಿನ? ಮತದಾರರ ಪಟ್ಟಿ ನೋಡಿದರೆ ಈಗಿನ ಲೆಕ್ಕ ಸಿಗುತ್ತದಲ್ಲ. 2024ರ ಲೋಕಸಭೆಗೆ ಬೆಂಗಳೂರು ಉತ್ತರದಲ್ಲಿ ಸುಮಾರು 32 ಲಕ್ಷ ಮತದಾರರು. ಉಡುಪಿ-ಚಿಕ್ಕಮಗಳೂರಿನಲ್ಲಿ 16 ಲಕ್ಷದ ಒಳಗೆ. ಮುಗಿಯಿತು.

ಅಡಿಕೆಚೀಲ
ಮತದಾರರ ಪಟ್ಟಿಯಲ್ಲಿ ನನ್ನ ಇಬ್ಬರು ಮಕ್ಕಳೂ ಊರಲ್ಲೇ ಇದ್ದಾರೆ. ಒಬ್ಬ ವೈಟ್‌ಫೀಲ್ಡ್, ಒಬ್ಬಳು ಹೈದರಾಬಾದ್. ಎಲೆಕ್ಷನ್ ಬಂದಾಗ ರಜೆ ಹಾಕಿ ಬರುತ್ತಾರೆ, ಓಟು ಹಾಕಿ ಕಡುಬು ತಿಂದು ಹೋಗುತ್ತಾರೆ. ಹಳ್ಳಿಯ ಪಟ್ಟಿ ಯಾವಾಗಲೂ ಉಬ್ಬಿರುತ್ತದೆ.

ಜಯನಗರ ಅಂಕಲ್
ಇದೇ ಅಂಕಿಗಳಿಗೆ ರಾಜಕೀಯವೂ ಇದೆ, ಅದನ್ನು ಯಾರೂ ಎತ್ತಲಿಲ್ಲ. ಲೋಕಸಭೆ ಸೀಟುಗಳ ಹಂಚಿಕೆ ಇನ್ನೂ 1971ರ ಗಣತಿ ಮೇಲೆ ನಿಂತಿದೆ. ತುರ್ತು ಪರಿಸ್ಥಿತಿಯಲ್ಲಿ 42ನೇ ತಿದ್ದುಪಡಿ ತಂದು ನಿಲ್ಲಿಸಿದರು, 2001ರಲ್ಲಿ 84ನೇ ತಿದ್ದುಪಡಿ ತಂದು 2026ರ ನಂತರದ ಮೊದಲ ಗಣತಿವರೆಗೆ ಮುಂದಕ್ಕೆ ಹಾಕಿದರು. ಹೊಸ ಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಅರ್ಥವಾಯಿತಲ್ಲ? ಆ ಲೆಕ್ಕದ ಮೇಲೆ ಸೀಟು ಹಂಚಿದರೆ ಕುಟುಂಬ ಯೋಜನೆ ಮಾಡಿಕೊಂಡ ರಾಜ್ಯಕ್ಕೆ ಏನು ಸಿಗುತ್ತದೆ ನೋಡಿ. ಕೇಂದ್ರದ ತೆರಿಗೆಯಲ್ಲಿ ಹಣಕಾಸು ಆಯೋಗ ನಮಗೆ ಕೊಡುವ ಪಾಲು ಆಗಲೇ ಒಮ್ಮೆ ಕೈ ಕೊಟ್ಟಿದೆ. 14ನೇ ಆಯೋಗ ಕೊಟ್ಟದ್ದು ಶೇ. 4.71, 15ನೇ ಆಯೋಗ ಕೊಟ್ಟದ್ದು ಶೇ. 3.65ರ ಆಸುಪಾಸು.

ಲೆಕ್ಕದ ಪುಸ್ತಕ
ಪಾಲು ಇಳಿದದ್ದಕ್ಕೆ ಜನಸಂಖ್ಯೆ ಒಂದೇ ಕಾರಣ ಅಲ್ಲ ಅಂಕಲ್. ನಮ್ಮ ತಲಾ ಆದಾಯ ಏರಿದ್ದು ದೊಡ್ಡ ಕಾರಣ. ಆ ಸೂತ್ರದಲ್ಲಿ ಜನಸಂಖ್ಯೆ ಹಿಡಿತದಲ್ಲಿಟ್ಟವರಿಗೆ ಶೇ. 12.5 ತೂಕವನ್ನೂ ಕೊಟ್ಟಿದ್ದರು.

ಜಯನಗರ ಅಂಕಲ್
ದುಡಿದರೂ ತಪ್ಪು, ಕಡಿಮೆ ಹೆತ್ತರೂ ತಪ್ಪು. ಸಮಾಧಾನಕ್ಕೆ ಒಂದು ತೂಕ.

ಚಾಮುಂಡಿಪುರಂ
ರಾಜ್ಯದ ಒಳಗೂ ಇದೇ ಜಗಳ ಬರುತ್ತದೆ ನೋಡ್ತಾ ಇರಿ. ಈಗಿನ ವಿಧಾನಸಭೆ ಕ್ಷೇತ್ರಗಳು 2001ರ ಗಣತಿ ಮೇಲೆ ಆದವು. ಬೆಂಗಳೂರು ನಗರ ಜಿಲ್ಲೆಗೆ 224ರಲ್ಲಿ 28. 2011ರ ಜನಸಂಖ್ಯೆ ಪ್ರಕಾರ ಹಂಚಿದರೆ 35 ಆಗುತ್ತದೆ. ಚಿಕ್ಕಮಗಳೂರಿಗೆ ಈಗ ಐದು, ಅದೇ ಲೆಕ್ಕದಲ್ಲಿ ನಾಲ್ಕು. ಆ ಐದರಲ್ಲಿ ಒಂದು ಹೋಗುತ್ತದೆ. ಕೊಪ್ಪ ಸೇರಿರುವ ಶೃಂಗೇರಿಯೇ ಇರಬಹುದು.

ಕಾಫಿ ರೈಟರ್
ಶೃಂಗೇರಿ ಕ್ಷೇತ್ರ ತೆಗೆದರೆ ಕೊಪ್ಪದವರು ಶಾಸಕರನ್ನು ನೋಡಲು ಘಾಟಿ ಇಳಿದು ಹೋಗಬೇಕಾ? ಗುಡ್ಡದ ಊರಿಗೂ ಬಯಲಿಗೂ ಒಂದೇ ತಲೆ ಲೆಕ್ಕ ಸರಿಯಲ್ಲ.

ಹುಬ್ಬಳ್ಳಿಯಾಂವ
ಬೆಂಗಳೂರಿಗೆ ಏಳು ಸೀಟು ಹೆಚ್ಚಾದರೆ ಉತ್ತರ ಕರ್ನಾಟಕದ ಮಾತು ಕೇಳುವವರೇ ಇರುವುದಿಲ್ಲ.

ರಾಯಚೂರು ಮೇಷ್ಟ್ರು
ನಮ್ಮ ಕಡೆ ಕಡಿಮೆ ಆಗಲ್ಲ ಸರ್. ಯಾದಗಿರಿ, ಬಿಜಾಪುರ, ಕೊಪ್ಪಳ ಎಲ್ಲ ರಾಜ್ಯದ ಸರಾಸರಿಗಿಂತ ಮೇಲೆ. ಕಳೆದುಕೊಳ್ಳುವುದು ಹಳೇ ಮೈಸೂರು, ಮಲೆನಾಡು, ಕರಾವಳಿ.

ಮಂಡ್ಯದ ಗಂಡು
ಕಳೆದುಕೊಳ್ಳುವುದು ಅಂದರೆ ನೆನಪಾಯಿತು. ನಮ್ಮ ಕಡೆ ವ್ಯವಸಾಯ ಮಾಡುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ಟಿವಿಯವರು ನಗಾಡಿದರು. ನಗುವ ವಿಷಯ ಅಲ್ಲ. ಹುಡುಗಿಯರು ಓದಿ ಬೆಂಗಳೂರಿಗೆ ಹೋಗುತ್ತಾರೆ, ಸಂಬಳದ ಹುಡುಗ ಬೇಕು ಅನ್ನುತ್ತಾರೆ. ಅವರದೂ ತಪ್ಪಿಲ್ಲ.

ಶಾಂತಕ್ಕ
ಅವರದು ತಪ್ಪಿಲ್ಲ ಅಂದದ್ದು ಒಳ್ಳೆಯದಾಯಿತು. ಹೆಣ್ಣು ಸಿಗುತ್ತಿಲ್ಲ ಅನ್ನುವ ಮಂಡ್ಯದಲ್ಲೇ 2023ರಲ್ಲಿ ಆಲೆಮನೆಯೊಳಗೆ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡು ಭ್ರೂಣ ಗಂಡೋ ಹೆಣ್ಣೋ ನೋಡುತ್ತಿದ್ದವರು ಸಿಕ್ಕಿಬಿದ್ದರಲ್ಲ. ಅದನ್ನೂ ಸೇರಿಸಿ ಹೇಳು.

ಮಂಡ್ಯದ ಗಂಡು
ಸೇರಿಸಿದೆ ಅಂದುಕೊಳ್ಳಿ ಅಕ್ಕ. ಅದರ ಮೇಲೆ ಮಾತಾಡುವ ಮುಖ ನಮಗಿಲ್ಲ.

ಉಡುಪಿ ಮಾಣಿ
ವಿಷಯಕ್ಕೆ ಬನ್ನಿ. ರಾಮನಗರ ಬೆಂಗಳೂರಿಗೆ ಅಂಟಿಕೊಂಡಿದೆ, ಆದರೂ ಶೇ. 5. ಬೆಂಗಳೂರು ಗ್ರಾಮಾಂತರ ಶೇ. 16. ಯಾಕೆ ಈ ವ್ಯತ್ಯಾಸ?

ಪೇಟೆಬೀದಿ
ಏರ್‌ಪೋರ್ಟ್. 2008ರಲ್ಲಿ ದೇವನಹಳ್ಳಿಗೆ ಬಂತು. ನೆಲಮಂಗಲ, ಹೊಸಕೋಟೆ ಕಡೆ ಗೋಡೌನ್, ಫ್ಯಾಕ್ಟರಿ. ರಾಮನಗರದವರು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಂಜೆ ವಾಪಸ್. ಸ್ವಲ್ಪ ಸಂಬಳ ಏರಿದರೆ ಅಲ್ಲೇ ಮನೆ. ಈಗ ಹೆಸರೂ ಬೆಂಗಳೂರು ದಕ್ಷಿಣ ಆಗಿದೆ. ಮುಂದಿನ ಗಣತಿಯಲ್ಲಿ ನೋಡಿ, ಬಿಡದಿ ಕಡೆ ಕಥೆಯೇ ಬೇರೆ ಇರುತ್ತದೆ.

ಚಾಮುಂಡಿಪುರಂ
ಹೆಸರು ಬದಲಾದರೆ ಜನ ಬರುತ್ತಾರಾ?

ಪೇಟೆಬೀದಿ
ಸೈಟ್ ಬ್ರೋಕರ್‌ಗಳಂತೂ ಬಂದಿದ್ದಾರೆ.

ಕೊಪ್ಪದವ
ಎಲ್ಲರಿಗೂ ಥ್ಯಾಂಕ್ಸ್. ಶಾಂತಕ್ಕನ ಮಾತು ಅಪ್ಪನಿಗೆ ಓದಿ ಹೇಳಿದೆ, ಖುಷಿಯಾದರು. ಭಾವನಿಗೂ ಕಳಿಸಿದೆ. ಅವರು "ವಯಸ್ಸಾದವರು ಇನ್ನು ಹದಿನೈದು ವರ್ಷ, ಆಮೇಲೆ?" ಅಂತ ಕೇಳಿದ್ದಾರೆ. ಉತ್ತರ ಹೊಳೆಯಲಿಲ್ಲ.

ಕಾಫಿ ರೈಟರ್
ಆಮೇಲೆ ಈಗ ನಲವತ್ತೈದು, ಐವತ್ತು ಆಗಿರುವ ನಾವು ಇರುತ್ತೇವೆ. ನಮಗೆ ಈಗಲೇ ಶುಗರ್ ಶುರುವಾಗಿದೆ, ಭಾವನಿಗೆ ಹೇಳು. ಮೇಲಾಗಿ ಕೆಲವರು ರಿಟೈರ್ ಆಗಿ ವಾಪಸ್ ಬಂದು ಮನೆ ಕಟ್ಟುತ್ತಿದ್ದಾರೆ, ಅವರ ಕೈಯಲ್ಲಿ ದುಡ್ಡೂ ಇದೆ.

ಮಾತ್ರೆಶೆಟ್ಟಿ
ಮೂವತ್ತು ವರ್ಷದಿಂದ ಇದೇ ಧಂಧೆಯಲ್ಲಿದ್ದೇನೆ, ನೇರವಾಗಿ ಹೇಳುತ್ತೇನೆ. ಜಿಲ್ಲೆಯ ಜನಸಂಖ್ಯೆ, ಮಗು ಎಷ್ಟು, ಮುದುಕರು ಎಷ್ಟು, ಇದೆಲ್ಲ ಆಮೇಲೆ. ಮೊದಲು ಊರಲ್ಲಿ ಡಾಕ್ಟರ್ ಎಷ್ಟು ಜನ ಕೂರುತ್ತಾರೆ, ಅವರ ಕ್ಲಿನಿಕ್ ಪಕ್ಕ ಮಳಿಗೆ ಸಿಗುತ್ತದಾ ನೋಡು. ತುಮಕೂರಿನಲ್ಲಿ ಜನ ಹತ್ತು ಪಟ್ಟು ಇದ್ದರೆ ಮೆಡಿಕಲ್ ಶಾಪ್ ಇಪ್ಪತ್ತು ಪಟ್ಟು ಇರುತ್ತವೆ. ಬಾಡಿಗೆ, ಅಡ್ವಾನ್ಸ್ ಕೇಳಿದರೆ ನಿನಗೇ ಬಿಪಿ ಬರುತ್ತದೆ. ಅಲ್ಲಿ ಚೈನ್ ಅಂಗಡಿಗಳು ಡಿಸ್ಕೌಂಟ್ ಕೊಡುತ್ತವೆ, ಆನ್‌ಲೈನ್‌ನವರು ಮನೆಗೇ ತಂದು ಕೊಡುತ್ತಾರೆ. ಕೊಪ್ಪದ ಒಳಗಿನ ಹಳ್ಳಿಗಳಿಗೆ ಅವರು ಅಷ್ಟು ಬೇಗ ಬರಲ್ಲ. ಬಸ್ಸಿನಲ್ಲಿ ಮಾತ್ರೆ ಕಳಿಸುವ ವ್ಯವಸ್ಥೆ ಮಾಡಿಕೊಂಡರೆ ನೀನೇ ರಾಜ. ಇನ್ಸುಲಿನ್‌ಗೆ ಒಳ್ಳೆಯ ಫ್ರಿಜ್, ಮಳೆಗಾಲದ ಕರೆಂಟ್‌ಗೆ ಯುಪಿಎಸ್, ಇವೆರಡನ್ನು ಮರೆಯಬೇಡ.

ಕೊಪ್ಪದವ
ಯುಪಿಎಸ್ ತಲೆಯಲ್ಲಿರಲಿಲ್ಲ. ಬರೆದುಕೊಂಡೆ. ಅಪ್ಪ ಹೇಳಿದ ಮಳಿಗೆ ಬಸ್ ಸ್ಟ್ಯಾಂಡ್ ಹತ್ತಿರ ಇದೆ, ಕ್ಲಿನಿಕ್ ಇರುವುದು ಮೇಲಿನ ಪೇಟೆಯಲ್ಲಿ. ಮುಂದಿನ ವಾರ ಹೋಗಿ ನೋಡುತ್ತೇನೆ.

ಹೊಸಪೇಟೆ ಬನ್
ನಾನು ಹೊಸಪೇಟೆಯಲ್ಲಿ ಬೇಕರಿ ಹಾಕಬೇಕು ಅಂತಿದ್ದೇನೆ. ವಿಜಯನಗರ ಜಿಲ್ಲೆಯ ಹತ್ತು ವರ್ಷದ ಬೆಳವಣಿಗೆ ಎಷ್ಟು ಅಂತ ಲೆಕ್ಕದ ಪುಸ್ತಕದವರು ಹೇಳಿಕೊಡಬಹುದಾ?

ಲೆಕ್ಕದ ಪುಸ್ತಕ
ಜಿಲ್ಲೆ ಆದದ್ದೇ 2021ರಲ್ಲಿ ಸಾರ್. 2011ರ ಪುಸ್ತಕದಲ್ಲಿ ಅದರ ಹೆಸರೇ ಇರುವುದಿಲ್ಲ, ತಾಲ್ಲೂಕುಗಳನ್ನು ಒಂದೊಂದಾಗಿ ಕೂಡಬೇಕು. ಬೇರೆ ಥ್ರೆಡ್ ತೆಗೆಯಿರಿ, ಅಲ್ಲಿ ಹಾಕುತ್ತೇನೆ. ಇಲ್ಲಿ ಹಾಕಿದರೆ ಹುಬ್ಬಳ್ಳಿಯವರೂ ಮೈಸೂರಿನವರೂ ಮತ್ತೆ ಶುರು ಮಾಡುತ್ತಾರೆ.

ಹುಬ್ಬಳ್ಳಿಯಾಂವ
ನಾವು ಮುಗಿಸಿಯೇ ಇಲ್ಲ ರೀ.